ಸರಸ್ವತಿಯ ಮಣೆಯಿಂದ ಕಳ್ಳರ ಕಥೆ ಕದ್ದವನ ಪರವಾಗಿ

ನ್ಯೂಜೆರ್ಸಿಯ ಕನ್ನಡದ ಮನೆಯೊಂದರಲ್ಲಿ ಈ ನವರಾತ್ರಿಗೆ ಎದ್ದ ವ್ಯಾಜ್ಯ ಇಷ್ಟು. ಮೂಲಾ ನಕ್ಷತ್ರದ ದಿನ ಸರಸ್ವತಿಯ ಮುಂದಿನ ಮಣೆಗೆ 15 ವರ್ಷದ ಮೊಮ್ಮಗನ ಕೈಯಲ್ಲಿದ್ದ ಪುಸ್ತಕವೂ ಏರಿತು. ಅದು 2015ರಲ್ಲಿ ಬಂದ ಲೀ ಬಾರ್ಡುಗೋ ಅವರ ‘ಸಿಕ್ಸ್ ಆಫ್ ಕ್ರೋಸ್’. ಮಾಯಾಲೋಕದ ಆರು ಜನ ಪಡ್ಡೆಗಳು ಐಸ್ ಕೋರ್ಟ್ ಎಂಬ ಅಭೇದ್ಯ ಕೋಟೆಗೆ ನುಗ್ಗಿ, ಒಬ್ಬ ಕೈದಿಯನ್ನು ಹಾರಿಸಿಕೊಂಡು ಬರಲು ಹೊರಡುವ ಕಥೆ. ಹುಡುಗನ ಓದು ಸರಿಯಾಗಿ ಕೋಟೆಯ ಬಾಗಿಲಿಗೆ ಬಂದಿತ್ತು. ವಿಜಯದಶಮಿವರೆಗೆ ಮುಟ್ಟುವ ಹಾಗಿಲ್ಲ ಎಂದರು ಅಜ್ಜಿ. ಫೋನಿನಲ್ಲಿ ಓದೋಣವೆಂದರೆ ಅದು ಬೇರೊಂದು ಕೇಸಿನಲ್ಲಿ ಮೊದಲೇ ಅಮ್ಮನ ಜಫ್ತಿಯಲ್ಲಿತ್ತು. ಬೆಳಗಿನ ಜಾವ ಅಜ್ಜಿ ಸ್ನಾನಕ್ಕೆ ಹೋದ ಹೊತ್ತಿಗೆ ಹುಡುಗ ಕಾಗೆ ಚಿತ್ರದ ಜಾಕೆಟ್ಟನ್ನು ಕಳಚಿ, ತಾತ ಕೊಟ್ಟಿದ್ದ, ಈವರೆಗೆ ಬಿಚ್ಚಿಯೂ ನೋಡದ ಇಂಗ್ಲಿಷ್ ಭಗವದ್ಗೀತೆಗೆ ತೊಡಿಸಿ ಮಣೆಯ ಮೇಲಿಟ್ಟ. ಕಳ್ಳರ ಕಾದಂಬರಿ ಹಾಸಿಗೆಗೆ, ಗೀತೆ ಪೂಜೆಗೆ.

ಸಿಕ್ಕಿಬಿದ್ದದ್ದು ಮಂಗಳಾರತಿಯ ಹೊತ್ತಿನಲ್ಲಿ. ಆ ಕಾದಂಬರಿಯ ಗಟ್ಟಿರಟ್ಟಿನ ಪ್ರತಿಗೆ ಹಾಳೆಗಳ ಅಂಚೆಲ್ಲ ಕಪ್ಪು ಬಣ್ಣ. “ನಿನ್ನೆ ಕರ್‍ರಗಿದ್ದ ಪುಸ್ತಕ ಇವತ್ತು ಹೇಗೋ ಬೆಳ್ಳಗಾಯ್ತು?” ಎಂದು ಅಜ್ಜಿ ಆರತಿತಟ್ಟೆ ಹಿಡಿದುಕೊಂಡೇ ಕೇಳಿದರು. ಕರ್ಪೂರದ ಬೆಳಕಿನಲ್ಲಿ ತನಿಖೆ ಮುಗಿಯಿತು, ಪ್ರಸಾದ ಹಂಚುವ ಮೊದಲೇ ತೀರ್ಪೂ ಬಂತು: ಕಾಗೆ ಪುಸ್ತಕ ಗರಾಜಿಗೆ. ಅಪರಾಧಿಯ ಪರವಾಗಿ ಹೇಳಬೇಕಾದದ್ದು ಬಹಳವಿದೆ. ಸರಸ್ವತಿಯ ಎದುರಿಂದ ಕಳ್ಳರ ಕಥೆಯನ್ನು ಎತ್ತಿ ಆ ಜಾಗದಲ್ಲಿ ಗೀತೆಯನ್ನು ಇಟ್ಟವನನ್ನು ಯಾವ ಕಲಮಿನಲ್ಲಿ ಶಿಕ್ಷಿಸುತ್ತೀರಿ? ತಾತನ ಉಡುಗೊರೆ ಮೊದಲ ಸಲ ಒಂದು ಉಪಯೋಗಕ್ಕೆ ಬಂದದ್ದೂ ಅವತ್ತೇ. ಇನ್ನು ಅಜ್ಜಿಯ ವಿಷಯ. ಜಾಕೆಟ್ಟನ್ನು ನಂಬದೆ ಅಂಚನ್ನು ನೋಡುವ ಕಣ್ಣು ಭಕ್ತಿಯಿಂದ ಬರುವುದಲ್ಲ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದೊಳಗೆ ಅಡಗಿಸಿ ಓದಿದ ತಲೆಮಾರಿಗೆ ಮಾತ್ರ ಬರುವುದು. ಅವರ ಪತ್ತೇದಾರ ಪುರುಷೋತ್ತಮನೇ ಬಂದಿದ್ದರೂ ಇದಕ್ಕಿಂತ ಬೇಗ ಹಿಡಿಯುತ್ತಿರಲಿಲ್ಲ.

ನನ್ನ ವಾದ ಇಲ್ಲಿಂದಲೇ ಶುರು. ಅಜ್ಜಿ ಗರಾಜಿಗೆ ಅಟ್ಟಿದ ಪುಸ್ತಕ ನಮ್ಮ ಮನೆತನದ್ದೇ. ಭೇದಿಸಲಾಗದ ಕಡೆ ಭೇದಿಸಿ ಕದಿಯುವ ಮಾಯಾಕಥೆಗೆ ಮಹಾಭಾರತದ ಆದಿಪರ್ವಕ್ಕಿಂತ ಒಳ್ಳೆಯ ಮಾದರಿ ಬೇಕೇ? ಕುದುರೆಯ ಬಾಲ ಬಿಳಿಯೋ ಕಪ್ಪೋ ಎಂಬ ಪಂದ್ಯದಲ್ಲಿ ಹಾವುಗಳ ತಾಯಿ ಕದ್ರು ಮೋಸ ಮಾಡಿ ಗರುಡನ ತಾಯಿ ವಿನತೆಯನ್ನು ದಾಸಿ ಮಾಡಿಕೊಳ್ಳುತ್ತಾಳೆ. ಬಿಡುಗಡೆಯ ಬೆಲೆ ಅಮೃತ. ಅಮೃತದ ಸುತ್ತ ಬೆಂಕಿ, ಬೆಂಕಿಯಾಚೆ ಗರಗರ ತಿರುಗುವ ಕತ್ತಿಯಲಗಿನ ಚಕ್ರ, ಅದರ ಕೆಳಗೆ ತಮ್ಮ ಕಣ್ಣಿಗೆ ಬಿದ್ದವರನ್ನು ಬೂದಿ ಮಾಡುವ ಎರಡು ಸರ್ಪ. ಗರುಡ ಮೈ ಕುಗ್ಗಿಸಿ ಚಕ್ರದ ಅರಗಳ ನಡುವೆ ತೂರುತ್ತಾನೆ, ಸರ್ಪಗಳ ಕಣ್ಣಿಗೆ ಧೂಳೆರಚುತ್ತಾನೆ, ಕಲಶ ಎತ್ತಿಕೊಂಡು ಹಾರುತ್ತಾನೆ. ಅಲ್ಲಿಗೆ ಮುಗಿಯಲಿಲ್ಲ, ದಾರಿಯಲ್ಲಿ ಇಂದ್ರನ ಜೊತೆ ಒಳಒಪ್ಪಂದ. ಅಮೃತವನ್ನು ದರ್ಭೆಯ ಮೇಲಿಟ್ಟು, ಸ್ನಾನ ಮಾಡಿ ಶುದ್ಧರಾಗಿ ಬಂದು ಕುಡಿಯಿರಿ ಎಂದು ಹಾವುಗಳಿಗೆ ಹೇಳುತ್ತಾನೆ. ಅವು ಮಡಿಯಾಗಿ ಬರುವಷ್ಟರಲ್ಲಿ ಇಂದ್ರ ಕಲಶದ ಸಮೇತ ನಾಪತ್ತೆ. ದರ್ಭೆ ನೆಕ್ಕಿದ ಹಾವುಗಳಿಗೆ ಸೀಳುನಾಲಗೆ ಉಳಿಯಿತು. ಕಾವಲಿನವರು ಸ್ನಾನಕ್ಕೆ ಹೋದ ಹೊತ್ತೇ ಪ್ರಶಸ್ತ ಎಂಬ ಪಾಠವನ್ನು ನ್ಯೂಜೆರ್ಸಿಯ ಹುಡುಗನಿಗೆ ಬಾರ್ಡುಗೋ ಹೇಳಿಕೊಟ್ಟರು ಎನ್ನುವುದು ಆ ಲೇಖಕಿಗೆ ಮಾಡುವ ಅನ್ಯಾಯ.

ಗರುಡ ಕದ್ದದ್ದು ತಾಯಿಗಾಗಿ, ಈ ಪೋಲಿಗಳು ಕದಿಯುವುದು ದುಡ್ಡಿಗಾಗಿ ಎಂದು ತಾತ ಎದುರುವಾದ ಹೂಡಬಹುದು. ದುಡ್ಡಿನ ಆಸೆ ಆ ಗುಂಪಿನಲ್ಲಿದೆ, ಒಪ್ಪೋಣ. ಆದರೆ ಆ ಗುಂಪಿನ ಇನೇಜ್ ಎಂಬ ಹುಡುಗಿ ಮಾರಾಟವಾಗಿ ಬಂದವಳು, ಸಾಲದ ಜೀತದಿಂದ ಬಿಡಿಸಿಕೊಳ್ಳಬೇಕಾದವಳು. ವಿನತೆಯ ಕಷ್ಟಕ್ಕೂ ಇವಳ ಕಷ್ಟಕ್ಕೂ ದೂರವೇನಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕನೂ ಪ್ರೀತಿಸಿದ ದಾಸಿಯನ್ನು ಬಿಡಿಸಲೆಂದೇ ಕನ್ನ ಕೊರೆಯುತ್ತಾನೆ. ಗೋಡೆಗೆ ಯಾವ ಆಕಾರದ ಕನ್ನ ಶೋಭಿಸುತ್ತದೆಂದು ಶಾಸ್ತ್ರೋಕ್ತವಾಗಿ ಚಿಂತಿಸಿ, ಅಳತೆಯ ದಾರ ಮರೆತು ಬಂದದ್ದಕ್ಕೆ ತನ್ನ ಜನಿವಾರದಿಂದಲೇ ಅಳೆಯುವ ಮಹಾನುಭಾವ ಅವನು. ಆ ನಾಟಕವನ್ನು ಆಧರಿಸಿ ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ತೆಗೆದಾಗ ಕಳ್ಳನ ಪಾತ್ರ ಮಾಡಿದ್ದು ಶಂಕರ್ ನಾಗ್. ಶಂಕರ್ ನಾಗ್ ಕದ್ದರೆ ಶಿಳ್ಳೆ, ಮೊಮ್ಮಗ ಕದ್ದರೆ ಗರಾಜು. ತಾತನ ಧರ್ಮಸೂಕ್ಷ್ಮ ಇದು.

ಮಕ್ಕಳು ಕೆಟ್ಟುಹೋಗುತ್ತಾರೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಸ್ಮಶಾನದ ಮರದಿಂದ ಹೆಣ ಇಳಿಸಿ ಹೆಗಲಿಗೇರಿಸಿ ನಡೆಯುವ ರಾಜನ ಬಣ್ಣದ ಚಿತ್ರವನ್ನು ಚಂದಮಾಮದಲ್ಲಿ ತಿಂಗಳು ತಿಂಗಳೂ ಬಾಯಿಬಿಟ್ಟು ನೋಡಿ ಬೆಳೆದವರಿಗೆ, ರಟ್ಟಿನ ಮೇಲಿನ ಒಂದು ಕಾಗೆ ಅಪಶಕುನವಾಗಿ ಕಂಡಿತೇ?

ಗಟ್ಟಿಯಾದ ಆಕ್ಷೇಪ ಒಂದೇ. ಕದಿಯುವ ಕಥೆಗಳು ನಮ್ಮಲ್ಲೇ ಇಷ್ಟಿರುವಾಗ ಹುಡುಗ ಅವನ್ನೇ ಏಕೆ ಓದಬಾರದು? ಇದರ ಉತ್ತರದಲ್ಲಿ ದೋಷ ಹಿರಿಯರದ್ದೇ. ಆರು ತಿಂಗಳಿಗೆಂದು ಬಂದ ತಾತ-ಅಜ್ಜಿಯ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಗಾಳು, ಹಪ್ಪಳದ ನಡುವೆ ಪುಸ್ತಕಗಳೂ ಬರುತ್ತವೆ, ನಿಜ. ಬರುವುದು ‘ಮಂಕುತಿಮ್ಮನ ಕಗ್ಗ’, ‘ಪರ್ವ’, ಗೀತೆ. ಎಲ್ಲವೂ ದೊಡ್ಡ ಪುಸ್ತಕಗಳೇ, ಆದರೆ ಕೊಡುವ ಕ್ರಮ ಮಾತ್ರ ಕಷಾಯ ಕುಡಿಸುವ ಕ್ರಮ: “ಓದು, ಒಳ್ಳೇದಾಗತ್ತೆ.” ಒಳ್ಳೆಯದಾಗಲೆಂದು ಯಾವ ಹುಡುಗ ಪುಟ ತಿರುಗಿಸಿದ್ದಾನೆ? ತಮ್ಮ 15ರಲ್ಲಿ ತಾವೂ ತಿರುಗಿಸಿರಲಿಲ್ಲ. ಅದೇ ಗರುಡನ ಕಥೆಯನ್ನು ಮಾತೃಭಕ್ತಿಯ ಉದಾಹರಣೆಯೆಂದು ಹೇಳುವ ಬದಲು ಕಳ್ಳತನದ ಕಥೆಯೆಂದೇ ಹೇಳಿದ್ದರೆ ಹುಡುಗ ಊಟ ಬಿಟ್ಟು ಕೇಳುತ್ತಿದ್ದ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನೇ ತೆಗೆದುಕೊಳ್ಳಿ. 1980ರಿಂದ ಅದನ್ನು ಪರಿಸರದ ಕಾದಂಬರಿ, ದರ್ಶನದ ಕಾದಂಬರಿ ಎಂದು ಹೊಗಳಿ ಹೊಗಳಿ ಮಕ್ಕಳನ್ನು ದೂರ ಅಟ್ಟಿದ್ದೇವೆ. ಅದರ ಕಟ್ಟು ನೋಡಿ: ತಲೆಕೆಟ್ಟವನಂತೆ ಕಾಣುವ ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಮರ ಹತ್ತುವುದರಲ್ಲಿ ನಿಸ್ಸೀಮನಾದ ಬಿರಿಯಾನಿ ಕರಿಯಪ್ಪ, ಕ್ಯಾಮೆರಾ ಹಿಡಿದ ಪ್ರಭಾಕರ, ಕಿವಿ ಎಂಬ ನಾಯಿ. ಒಬ್ಬರಿಗೊಬ್ಬರು ಹೊಂದದ ಈ ತಂಡ ಕಾಡಿಗೆ ನುಗ್ಗುವುದು ಒಂದು ಹಾರುವ ಓತಿಯನ್ನು ಹಿಡಿಯಲು, ಅದೂ ಕೈಗೆ ಸಿಕ್ಕಿತು ಎನ್ನುವಾಗ ಕಣಿವೆಯಾಚೆ ತೇಲಿ ಹೋಗುತ್ತದೆ. ಬಾರ್ಡುಗೋ ಆರು ಜನರನ್ನು ಕಲೆಹಾಕುವ ಕ್ರಮವೂ ಇದೇ, ಮಂತ್ರವಿದ್ಯೆಯೊಂದು ಹೆಚ್ಚು. ಹೀಗೆ ಹೇಳಿ ಕೊಟ್ಟು ನೋಡಿ. ಹುಡುಗನಿಗೆ ಕನ್ನಡ ಓದಲು ಬಾರದಿದ್ದರೆ ಅಜ್ಜಿ ಓದಿ ಹೇಳಲಿ; ಕಿಟಕಿಯಾಚೆಯ ಹಿಮ ನೋಡಿ “ಬೇಜಾರು” ಎಂದು ದಿನಕ್ಕೆ ಹತ್ತು ಸಲ ಹೇಳುವ ಗಂಟಲಿಗೂ ಅದರಿಂದ ಬೇರೆ ಕೆಲಸವಾಗುತ್ತದೆ.

ಹುಡುಗನೂ ಬದಲಿಗೆ ತನ್ನ ಪುಸ್ತಕ ಕೊಡಲೇಬೇಕು. ಅಂಚು ನೋಡಿ ಕಳ್ಳನನ್ನು ಹಿಡಿದ ಅಜ್ಜಿಗಿಂತ ಅರ್ಹ ಓದುಗರು ಆ ಕಾದಂಬರಿಗೆ ನ್ಯೂಜೆರ್ಸಿಯಲ್ಲಿ ಸಿಗಲಾರರು. ಆ ಕಳ್ಳರ ನಾಯಕ ಕಾಜ್ ಬ್ರೆಕ್ಕರನ ಉಪಾಯದಲ್ಲಿ ಎಲ್ಲೆಲ್ಲಿ ತೂತಿದೆ ಎಂದು ಅವರು ಬೇಳೆ ಆರಿಸುತ್ತಲೇ ಹೇಳಿಬಿಡುತ್ತಾರೆ. ಕೊಡುವ ಮೊದಲು ಒಂದು ಎಚ್ಚರ ಮಾತ್ರ ಇರಲಿ. ಮೊದಲ ಸಂಪುಟ ಮುಗಿಯುವಾಗ ಇನೇಜ್ ಶತ್ರುಗಳ ಕೈಯಲ್ಲಿರುತ್ತಾಳೆ. ವಾರಪತ್ರಿಕೆಯ ಧಾರಾವಾಹಿಗಾಗಿ ‘ಸುಧಾ’ ಬರುವ ದಾರಿ ಕಾದು ಕೂತ ಹೆಂಗಸು ಅಷ್ಟಕ್ಕೆ ಸುಮ್ಮನಿರುವವರಲ್ಲ. ಎರಡನೆಯದಾದ ‘ಕ್ರೂಕೆಡ್ ಕಿಂಗ್‌ಡಮ್’ 2016ರಲ್ಲೇ ಬಂದಿದೆ. ಅದನ್ನು ಮೊದಲೇ ತರಿಸಿ, ಸರಸ್ವತಿಯ ಮಣೆಯಿಂದ ಆದಷ್ಟು ದೂರ ಇಟ್ಟುಕೊಳ್ಳಿ.