‘ದುಡ್ಡು ತರೋದು ನಾನು!’
ಉಪಕೇಂದ್ರದ ರಿಜಿಸ್ಟರ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಮಲೆನಾಡಿನ ಒಂದು ಉಪ ಆರೋಗ್ಯ ಕೇಂದ್ರ. ಫಲಕದ ಮೇಲೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದಿದೆ. ಸಿಸ್ಟರ್ ಫೀಲ್ಡಿಗೆ ಹೋಗಿದ್ದರು. ಮೇಜಿನ ಮೇಲೆ ಹೊರರೋಗಿಗಳ ರಿಜಿಸ್ಟರ್ ಒಂದೇ ಬಿಡುವಾಗಿತ್ತು.

ಪ್ರಶ್ನೆ: ನಮಸ್ಕಾರ. ಇಲ್ಲಿ ತಮ್ಮ ಹುದ್ದೆ?

ರಿಜಿಸ್ಟರ್: ರೋಗಿಗಳನ್ನ ನೋಡೋದು ಸಿಸ್ಟರ್. ಮನೆಮನೆ ತಿರುಗೋದು ಆಶಾ. ದುಡ್ಡು ತರೋದು ನಾನು.

ಪ್ರಶ್ನೆ: ಅದು ಹೇಗೆ?

ರಿಜಿಸ್ಟರ್: 2018ರಿಂದ ಉಪಕೇಂದ್ರಗಳನ್ನ ಮೇಲ್ದರ್ಜೆಗೆ ಏರಿಸಿದರಲ್ಲ? ಸಮುದಾಯ ಆರೋಗ್ಯ ಅಧಿಕಾರಿಗೆ, ಅಂದರೆ ನಮ್ಮ ಸಿಸ್ಟರಿಗೆ, ಸಂಬಳದ ಮೇಲೆ ತಿಂಗಳಿಗೆ 15,000 ರೂಪಾಯಿವರೆಗೆ ಪ್ರೋತ್ಸಾಹಧನ ಕೊಡಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳಿತು. ಎಷ್ಟು ಜನ ಬಂದರು, ಮೂವತ್ತು ದಾಟಿದವರಲ್ಲಿ ಎಷ್ಟು ಮಂದಿಗೆ ಬಿಪಿ, ಶುಗರ್ ತಪಾಸಣೆ ಆಯ್ತು, ಎಲ್ಲಕ್ಕೂ ಲೆಕ್ಕ. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಯಾರು? ನಾನೇ!

ಪ್ರಶ್ನೆ: ಒಳ್ಳೆಯದೇ ಅಲ್ಲವೇ? ಕೆಲಸಕ್ಕೆ ತಕ್ಕ ಕೂಲಿ.

ರಿಜಿಸ್ಟರ್: ಯಾರು ಬೇಡ ಅಂದರು? ರುವಾಂಡದಲ್ಲಿ ನನ್ನ ದಾಯಾದಿಗಳಿದ್ದಾರೆ. 2006ರ ಹೊತ್ತಿಗೆ ಅಲ್ಲಿನ ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಒಂದೊಂದು ಸೇವೆಗೂ ಇಷ್ಟಿಷ್ಟು ಅಂತ ದುಡ್ಡು ಕೊಟ್ಟರು. ಹೋಲಿಸಿ ನೋಡೋಕೆ ಇನ್ನು ಕೆಲವು ಕೇಂದ್ರಗಳಿಗೆ ಅಷ್ಟೇ ದುಡ್ಡನ್ನ ಷರತ್ತಿಲ್ಲದೆ ಕೊಟ್ಟರು. ಷರತ್ತು ಇದ್ದ ಕಡೆ ಆಸ್ಪತ್ರೆ ಹೆರಿಗೆ ಶೇ 23ರಷ್ಟು ಏರಿತು. 2011ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿದೆ.

ಪ್ರಶ್ನೆ: ಬಸುರಿಯರ ತಪಾಸಣೆಯೂ ಏರಿರಬೇಕು?

ರಿಜಿಸ್ಟರ್: ನಾಲ್ಕೂ ತಪಾಸಣೆ ಮುಗಿಸಿದವರ ಪ್ರಮಾಣ ಏರಲಿಲ್ಲ. ಒಂದು ಹೆರಿಗೆಗೆ ನಾಲ್ಕೂವರೆ ಡಾಲರಿಗೂ ಜಾಸ್ತಿ, ಮೊದಲ ತಪಾಸಣೆಗೆ 9 ಸೆಂಟು. ನೀವಾದರೆ ಯಾವುದಕ್ಕೆ ಓಡ್ತಿದ್ರಿ?

ಪ್ರಶ್ನೆ: ಇಲ್ಲಿ ನಿಮ್ಮ ಕಷ್ಟ ಏನು?

ರಿಜಿಸ್ಟರ್: ಬಯಲಲ್ಲಿ 5,000 ಜನಕ್ಕೊಂದು ಉಪಕೇಂದ್ರ, ಗುಡ್ಡಗಾಡಲ್ಲಿ 3,000 ಜನಕ್ಕೊಂದು ಅಂತ ಮಾನದಂಡ. ತಲೆ ಕಡಿಮೆ ಮಾಡಿದರು, ದಾರಿ ಕಡಿಮೆ ಆಗಲಿಲ್ಲ ಮಾರಾಯ್ರೆ. ಬಸ್‌ಸ್ಟ್ಯಾಂಡ್ ಪಕ್ಕದ ಕೇಂದ್ರದಲ್ಲಿ ಕೂತಲ್ಲೇ ಪುಟ ತುಂಬುತ್ತೆ. ನಮ್ಮ ಸಿಸ್ಟರ್ ಸಂಕ ದಾಟಿ, ಕಾಲಿನ ಜಿಗಣೆ ಕಿತ್ತು, ತೋಟದಾಚೆಯ ಒಂಟಿ ಮನೆಯ ಅಜ್ಜಿಗೆ ಬಿಪಿ ನೋಡಿ ಬರೋ ಹೊತ್ತಿಗೆ ಸಂಜೆ. ನನ್ನಲ್ಲಿ ಅದು ಒಂದೇ ಸಾಲು.

ಪ್ರಶ್ನೆ: ಹಾಗಾದರೆ ಟಾರ್ಗೆಟ್ ಮುಟ್ಟೋದು ಹೇಗೆ?

ರಿಜಿಸ್ಟರ್: ಅಲ್ಲೇ ನನ್ನ ಕೆಲವು ಬಂಧುಗಳು ಹಾಳಾಗೋದು. ತಿಂಗಳ ಕೊನೆ ಬಂತೆಂದರೆ ಊರಿಗೆ ಊರೇ 120/80. ಒಬ್ಬರಿಗೂ ಒಂದು ಅಂಕಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಂಥ ಒಗ್ಗಟ್ಟು ಗ್ರಾಮಸಭೆಯಲ್ಲೂ ಕಾಣ್ಲಿಕ್ಕಿಲ್ಲ.

ಪ್ರಶ್ನೆ: ಅಂದರೆ ಪ್ರೋತ್ಸಾಹಧನ ನಿಲ್ಲಿಸಬೇಕೇ?

ರಿಜಿಸ್ಟರ್: ಮೆಲ್ಲಗೆ ಮಾತಾಡಿ, ಸಿಸ್ಟರಿಗೆ ಕೇಳಿಸಿದರೆ ನನ್ನ ಹರಿದು ಹಾಕ್ತಾರೆ! ನಿಲ್ಲಿಸೋದು ಬೇಡ. ನನಗೆ ಇನ್ನೊಂದು ಕಾಲಂ ಎಳೀಲಿ: ‘ನಡೆದ ದೂರ’. ಅದಕ್ಕೂ ಒಂದಿಷ್ಟು ದುಡ್ಡಿಡಲಿ. ನನ್ನಲ್ಲಿರೋ ಹೆಸರುಗಳ ಪೈಕಿ ನಾಲ್ಕು ಮನೆಗೆ ಯಾರಾದರೂ ಹೋಗಿ, ‘ಅಜ್ಜೀ, ಸಿಸ್ಟರ್ ಬಂದಿದ್ರಾ? ಮಾತ್ರೆ ಸಿಕ್ತಾ?’ ಅಂತ ಕೇಳಲಿ. ಮಾತ್ರೆಯ ಸ್ಟಾಕೂ ಇರಲಿ. ತಪಾಸಣೆಗೆ ದುಡ್ಡು ಬಂದು ಮಾತ್ರೆ ಬರದೇ ಹೋದರೆ, ಅಜ್ಜಿಗೆ ಸಿಕ್ಕಿದ್ದು ಕಾಯಿಲೆಯ ಹೆಸರು ಮಾತ್ರ.

ಪ್ರಶ್ನೆ: ಧನ್ಯವಾದ. ಬರಲೇ?

ರಿಜಿಸ್ಟರ್: ಎಲ್ಲಿಗೆ? ಕೂತ್ಕೊಳ್ಳಿ. ವಯಸ್ಸು ಮೂವತ್ತು ದಾಟಿದೆ ತಾನೆ? ಸಿಸ್ಟರ್ ಬಂದ ಕೂಡಲೇ ಬಿಪಿ ನೋಡ್ತಾರೆ. ಈ ತಿಂಗಳ ಲೆಕ್ಕಕ್ಕೆ ಇನ್ನೂ ಒಬ್ಬರು ಕಡಿಮೆ ಇದ್ದಾರೆ.