ಕಿವಿ ಊದುವವರ ಕಾಲ

ಬೈಲಹೊಂಗಲ ಸೀಮೆಯಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೆಂದರೆ ಅದಕ್ಕೆ ಒಂದೇ ಅರ್ಥ: ಬರುವ ಯುಗಾದಿಯೊಳಗೆ ಮನೆ ಪಾಲಾಗುತ್ತದೆ. ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತ ಕುಳಿತ ಅತ್ತೆಗೆ ಸೊಸೆಯ ಜಗಳದ ಅಂಜಿಕೆಯಿಲ್ಲ. ಜಗಳ ಕೇಳಿಸುತ್ತದೆ, ಕೇಳಿಸಿದ್ದಕ್ಕೆ ಉತ್ತರ ಕೊಡಬಹುದು. ಅಂಜಿಕೆ ಇರುವುದು ಒಳಕೋಣೆಯ ಗುಸುಗುಸಿಗೆ. ‘ಕಿವಿ ಊದಾಕತ್ತಾಳ ನೋಡ’ ಎಂದು ಆಕೆ ಓಣಿಗೆಲ್ಲ ಸಾರಿ ಬರುವಷ್ಟರಲ್ಲಿ, ಒಳಗೆ ಪಾಪ, ಅವರಿಬ್ಬರು ಮಾತಾಡಿದ್ದು ಗ್ಯಾಸ್ ಸಿಲಿಂಡರ್ ಮುಗಿದ ವಿಷಯ.

ಕಿತ್ತೂರಿನಲ್ಲಂತೂ ಪಿಸುಮಾತಿಗೆ ಇನ್ನೂರು ವರ್ಷದ ಕೆಟ್ಟ ಹೆಸರು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ಊರು ಅದು. ಅಲ್ಲಿಯ ಕಥೆಯಲ್ಲಿ ವೀರರೆಲ್ಲ ಗರ್ಜಿಸುತ್ತಾರೆ, ಪಿಸುಗುಟ್ಟುವವರು ಮಲ್ಲಪ್ಪಶೆಟ್ಟಿ, ವೆಂಕಟರಾವ್ ಎಂಬ ದ್ರೋಹಿಗಳಿಬ್ಬರೇ. ಶಾಲೆಯ ಗ್ಯಾದರಿಂಗ್ ನಾಟಕದಲ್ಲಿ ಮಲ್ಲಪ್ಪಶೆಟ್ಟಿಯ ಪಾತ್ರಧಾರಿ ಇನ್ನೊಬ್ಬನ ಕಿವಿಯ ಹತ್ತಿರ ಬಾಯಿ ಒಯ್ದರೆ ಸಾಕು, ಮುಂದಿನ ಸಾಲಿನ ಹುಡುಗರು ಕೈಗೆ ಸಿಗುವ ಕಲ್ಲು ಹುಡುಕುತ್ತಾರೆ. ಸಂಗೊಳ್ಳಿ ರಾಯಣ್ಣ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಕಥೆಯ ಹಿಂದೆಯೂ ಯಾರೋ ಯಾರದೋ ಕಿವಿಯಲ್ಲಿ ಹೇಳಿದ ಮಾತಿದೆ. ಇನ್ನು 1961ರ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿ ಕಪ್ಪದ ಪ್ರಶ್ನೆಯನ್ನು ಮೈಕಿಗೆ ತುಟಿ ತಾಗಿಸಿ ಮೆಲ್ಲಗೆ ಉಸುರಿದ್ದರೆ ನಾವು ಇಂದಿಗೂ ಕಂದಾಯವನ್ನು ಲಂಡನ್ನಿಗೇ ಕಟ್ಟುತ್ತಿದ್ದೆವೇನೋ.

ಇಂಥ ನಾಡಿಗೆ ಎಎಸ್‌ಎಂಆರ್ ಬಂದಿದೆ.

2010ರಲ್ಲಿ ಜೆನಿಫರ್ ಅಲೆನ್ ಎಂಬ ಅಮೆರಿಕದ ಹೆಣ್ಣುಮಗಳು ಇಟ್ಟ ಹೆಸರು ಅದು. ಒಬ್ಬರು ಮೈಕಿನ ಮುಂದೆ ಕುಳಿತು ಪಿಸುಗುಟ್ಟುತ್ತಾರೆ, ಉಗುರಿನಿಂದ ಡಬ್ಬಿ ತಟ್ಟುತ್ತಾರೆ, ಬ್ರಶ್ಶಿನಿಂದ ಮೈಕು ಸವರುತ್ತಾರೆ, ಅರ್ಧ ತಾಸು ಟವೆಲ್ ಮಡಚುತ್ತಾರೆ. ಕೇಳಿದವರಿಗೆ ನೆತ್ತಿಯ ಮೇಲೆ ಜುಮ್ಮೆಂದು, ಅದು ಕತ್ತಿನಿಂದ ಬೆನ್ನಿಗಿಳಿದು, ಮೈ ಹಗುರಾಗಿ ಕಣ್ಣೆಳೆಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಆಗುವವರಿಗೆ ಆಗುತ್ತದೆ. ಇದು ಬರೀ ಭ್ರಮೆಯೆಂದು ತಳ್ಳಿಹಾಕುವಂತೆಯೂ ಇಲ್ಲ. 2018ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ, ಜುಮ್ಮೆನ್ನುವವರ ಎದೆಬಡಿತ ಈ ವಿಡಿಯೋ ನೋಡುವಾಗ ಸರಾಸರಿ ನಿಮಿಷಕ್ಕೆ ಮೂರರಷ್ಟು ಇಳಿದಿತ್ತು.

ಆ ಮೂರು ಬಡಿತವನ್ನು ನಮ್ಮ ರಸ್ತೆ ಬಡ್ಡಿ ಸಮೇತ ವಾಪಸ್ ಕೊಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಬೈಲಹೊಂಗಲದ ರಸ್ತೆಯಂಚಿನ ಮನೆಯಲ್ಲಿ ಒಂದು ರಾತ್ರಿ ಮಲಗಿದರೆ ತಿಳಿಯುತ್ತದೆ. ಎರಡು ಟ್ರೇಲರ್ ಕಬ್ಬು, ಅದರ ಮುಂದೆ ಒಂದು ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಮೇಲೆ ಮನೆಯ ಗೋಡೆ ಬಿರಿಯುವಷ್ಟು ಸ್ಪೀಕರು. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಿಯಮವನ್ನೂ ಪಿಸುಗುಟ್ಟಿಯೇ ಹೇಳಿದ್ದರೋ ಏನೋ, ಡ್ರೈವರಿಗೆ ಕೇಳಿಸಿಲ್ಲ. ಸವದತ್ತಿಯ ಗುಡ್ಡದಲ್ಲಿ ಜನ ಯಲ್ಲಮ್ಮನಿಗೆ ಗುಟ್ಟಿನ ಹರಕೆಯನ್ನೂ ‘ಉಧೋ ಉಧೋ’ ಎಂದು ಕೂಗಿಯೇ ಒಪ್ಪಿಸುತ್ತಾರೆ. ಬನದ ಹುಣ್ಣಿಮೆಯ ಆ ಗದ್ದಲದಲ್ಲಿ ಮೆಲ್ಲಗೆ ಹೇಳಿದರೆ ತಾಯಿಗಾದರೂ ಹೇಗೆ ಕೇಳಿಸಬೇಕು?

ಹೀಗಾಗಿ ಪಿಸುಮಾತು ಬೇಕಾದವರಿಗೆ ಇಯರ್‌ಫೋನೇ ಗತಿ. ಹೊಸ ಜೋಡಿಗಳು ಒಂದೇ ಇಯರ್‌ಫೋನ್ ಹಂಚಿಕೊಂಡು ಕೇಳುತ್ತವೆ, ನೋಡಲು ಚೆಂದ. ತೊಡಕೆಂದರೆ ಈ ವಿಡಿಯೋಗಳಲ್ಲಿ ಸದ್ದು ಎಡಗಿವಿಯಿಂದ ಬಲಗಿವಿಗೆ, ಬಲದಿಂದ ಎಡಕ್ಕೆ ಓಡಾಡುತ್ತದೆ. ಮಜವಿರುವುದೇ ಆ ಓಡಾಟದಲ್ಲಿ. ಹಂಚಿಕೊಂಡರೆ ಎಡಗಡೆಯ ಪಿಸುಮಾತು ಗಂಡನಿಗೆ, ಬಲಗಡೆಯದು ಹೆಂಡತಿಗೆ. ಅವನಿಗೆ ಜುಮ್ಮೆಂದಾಗ ಅವಳಿಗೆ ಸುಮ್ಮನೆ, ಅವಳಿಗೆ ಜುಮ್ಮೆಂದಾಗ ಅವನಿಗೆ ಆಕಳಿಕೆ. ಆರು ಬೆರಳಿನಷ್ಟು ಅಂತರದಲ್ಲಿ ಮಲಗಿದ ಇಬ್ಬರು ಪರಸ್ಪರ ಪಿಸುಗುಟ್ಟದೆ, ಮೂರನೆಯವಳು ಪಿಸುಗುಟ್ಟಿದ್ದನ್ನು ಪಾಲು ಮಾಡಿಕೊಳ್ಳುತ್ತಾರೆ. ಅತ್ತೆ ಹೆದರಿದ್ದ ಪಾಲು ಇದೇ ಇರಬೇಕು.

ಮದುವೆಯಾಗಿ ಹತ್ತು ವರ್ಷವಾದ ಮನೆಯಲ್ಲಿ ಎರಡೂ ತುಂಡು ಗಂಡನ ಕಿವಿಯಲ್ಲೇ ಇರುತ್ತವೆ. ಪರದೆಯ ಮೇಲೆ ಯಾವಳೋ ಬಿಳಿ ಹೆಂಗಸು ಬ್ರಶ್ ಹಿಡಿದು ಇವನ ಮುಖವನ್ನೇ ಸವರುವಂತೆ ಕೈಯಾಡಿಸುತ್ತಿರುತ್ತಾಳೆ. ಸಿಕ್ಕಿಬಿದ್ದ ಗಂಡನಿಗೆ ವಿಜ್ಞಾನ ನೆನಪಾಗುತ್ತದೆ. 2015ರಲ್ಲಿ ಸ್ವಾನ್ಸಿ ವಿಶ್ವವಿದ್ಯಾಲಯದವರು 475 ಜನರನ್ನು ಕೇಳಿದ್ದರು. ನೂರಕ್ಕೆ 82 ಮಂದಿ ಇದನ್ನು ನೋಡುವುದು ನಿದ್ದೆಗಾಗಿ, ಕಾಮಕ್ಕಾಗಿ ನೋಡುವವರು ಬರೀ ಐದು ಮಂದಿ ಎಂದು ಆತ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಹೆಂಡತಿ ಲೆಕ್ಕದಲ್ಲಿ ಜಾಣೆ. ‘ನೂರರ ಮಾತ ಬ್ಯಾಡ. ಆ ಐದರಾಗ ನೀವ ಅದೀರೋ ಇಲ್ಲೋ, ಅಷ್ಟ ಹೇಳ್ರಿ.’

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಗಂಡ ಹೇಳುವುದಿಲ್ಲ. ಜುಮ್ಮೆನಿಸುವ ಕಾರಣಗಳಲ್ಲಿ ಮೊದಲನೆಯದು ಪಿಸುಮಾತು, ಅದರ ಬೆನ್ನಿಗೇ ಬರುವುದು ತನ್ನೊಬ್ಬನ ಮೇಲೆ ಇನ್ನೊಬ್ಬರು ಇಟ್ಟ ಗಮನ. ಅದಕ್ಕೇ ಈ ವಿಡಿಯೋಗಳಲ್ಲಿ ಡಾಕ್ಟರ್ ವೇಷದವಳು ಬಂದು ಕಣ್ಣಿಗೆ ಬ್ಯಾಟರಿ ಬಿಡುತ್ತಾಳೆ, ಕ್ಷೌರದವನ ವೇಷದವನು ಗಾಳಿಯಲ್ಲಿ ಕತ್ತರಿ ಆಡಿಸುತ್ತಾನೆ, ಇಂದು ಬಹಳ ದಣಿದಂತೆ ಕಾಣುತ್ತೀರಿ ಎಂದು ಕನಿಕರಿಸುತ್ತಾರೆ. ಇದನ್ನು ಕೇಳಿ ನಮ್ಮ ರಾಮದುರ್ಗದ ಗಂಡಸಿನ ಕಣ್ಣಂಚು ಒದ್ದೆಯಾಗುತ್ತದೆ. ಅದೇ ಸಂಜೆ ಹೆಂಡತಿ ಚಹಾದ ಕಪ್ಪು ಕೈಗಿಡುತ್ತ ‘ಯಾಕ್ರಿ, ಮಾರಿ ಸಣ್ಣ ಆಗೇತಿ?’ ಎಂದು ಕೇಳಿದ್ದಳು. ‘ಏನಿಲ್ಲ ಬಿಡ’ ಅಂದಿದ್ದ. ತಪ್ಪು ಆಕೆಯದೇ. ಮೈಕು ಹಚ್ಚಿರಲಿಲ್ಲ.

ರೊಟ್ಟಿಯ ಸಂಗತಿ ಇನ್ನೂ ಚೆಂದ. ನಸುಕಿನಲ್ಲಿ ಆಕೆ ರೊಟ್ಟಿ ಬಡಿಯುತ್ತಾಳೆ. ಮೊದಲು ಹಿಟ್ಟಿನ ಉಂಡೆಯ ಮೇಲೆ ಅಂಗೈ ಬೀಳುವುದು ಮೆತ್ತಗೆ, ಬಿಡುಬೀಸಾಗಿ. ಹಿಟ್ಟು ಅಗಲವಾದಂತೆ ಬೆರಳು ಬಿಗಿಯಾಗಿ ತಾಳ ಚುರುಕಾಗುತ್ತದೆ. ಅಂಚಿಗೆ ಬಂದಾಗ ಬರೀ ಬೆರಳ ತುದಿಯ ಟಪಟಪ. ಹಂಚಿನ ಮೇಲೆ ಬಿದ್ದ ರೊಟ್ಟಿಗೆ ಒದ್ದೆ ಅರಿವೆ ಸವರಿದಾಗ ಒಂದು ಉದ್ದನೆಯ ಚುಂಯ್. ಆ ಹೊತ್ತಿಗೆ ಗಂಡ ಕೌದಿಯನ್ನು ತಲೆಯವರೆಗೆ ಎಳೆದುಕೊಂಡು ‘ಏನ ಸಪ್ಪಳಪಾ ಇದು, ಮಲಗಾಕ ಬಿಡಂಗಿಲ್ಲ’ ಎನ್ನುತ್ತಾನೆ. ರಾತ್ರಿ ಅದೇ ಕೌದಿಯೊಳಗೆ ಮೊಬೈಲಿನಲ್ಲಿ ಮಾತಿಲ್ಲದ ಅಡುಗೆಯ ವಿಡಿಯೋ ಹಾಕಿಕೊಂಡು, ಯಾವುದೋ ಊರಿನ ಯಾರದೋ ಹೆಂಡತಿ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಗೊರಕೆ ಹೊಡೆಯುತ್ತಾನೆ. ಆ ಊರಿನ ಆ ಗಂಡ ಆಗ ಕೌದಿಯೊಳಗೆ ಇನ್ಯಾರ ರೊಟ್ಟಿ ಕೇಳುತ್ತಿರುತ್ತಾನೋ.

ಆ ವಿಡಿಯೋಗಳ ಮೇಲೆ ನನಗೆ ಸಿಟ್ಟಿಲ್ಲ. ನಿದ್ದೆ ಬಾರದವರ ಸಂಕಟ ದೊಡ್ಡದು. ಗುಳಿಗೆಗಿಂತ ಟವೆಲ್ ಮಡಚುವ ಸದ್ದು ವಾಸಿ. ಸದ್ದಿನಲ್ಲೇ ನಿದ್ದೆಯಿದೆ ಎನ್ನುವುದು ರಾಮದುರ್ಗದ ನೇಕಾರರ ಓಣಿಗೆ ಹೊಸತಲ್ಲ. ಮಗ್ಗದ ಖಟಖಟ ನಡೆದಷ್ಟು ಹೊತ್ತು ತೊಟ್ಟಿಲ ಕೂಸು ಮಲಗಿರುತ್ತದೆ. ಕರೆಂಟು ಹೋಗಿ ಪವರ್‌ಲೂಮು ನಿಂತರೆ ಕೂಸೂ ಏಳುತ್ತದೆ, ಮುದುಕರೂ ಏಳುತ್ತಾರೆ. ಮಗ್ಗ ನಡೆದರೆ ಸೀರೆ, ಸೀರೆಗೆ ಕೂಲಿ. ಆ ಸದ್ದು ತಮಗಾಗಿ ಆಗುತ್ತಿದೆ ಎಂಬುದು ನಿದ್ದೆಯಲ್ಲಿದ್ದವರಿಗೂ ಗೊತ್ತಿರುತ್ತದೆ. ಮೈಕಿನ ಮುಂದೆ ಡಬ್ಬಿ ತಟ್ಟುವವಳು ಯಾರಿಗಾಗಿ ತಟ್ಟುತ್ತಾಳೆಂದು ಮಾತ್ರ ಕೇಳಬಾರದು. ಲಕ್ಷಗಟ್ಟಲೆ ಜನರಲ್ಲಿ ಪ್ರತಿಯೊಬ್ಬನೂ ತನ್ನೊಬ್ಬನಿಗೇ ಎಂದುಕೊಂಡಿರುತ್ತಾನೆ.

ರಾಜಸ್ಥಾನದ ಪುಷ್ಕರದಲ್ಲಿ ಬಾಬಾ ಸೇನ್ ಎಂಬ ಕ್ಷೌರಿಕ ವಿದೇಶಿಯರ ತಲೆ ತಟ್ಟಿ, ಕಿವಿ ಹಿಂಡಿ, ಗಾಳಿ ಊದಿ ಯೂಟ್ಯೂಬಿನಲ್ಲಿ ಜಗತ್ಪ್ರಸಿದ್ಧನಾದ. ನಮ್ಮ ಸಂತೆಯೂರುಗಳ ಕಟಿಂಗ್ ಅಂಗಡಿಗಳಲ್ಲಿ ಅದೇ ಕೆಲಸ ದಾಡಿಯ ಜೊತೆಗೆ ಪುಕ್ಕಟೆ. ನೆತ್ತಿಗೆ ನಾಲ್ಕು ಪೆಟ್ಟು, ಕತ್ತಿಗೆ ಒಂದು ಲಟಕ್, ಎದ್ದು ಹೋಗು. ಅಂಗಡಿಯಲ್ಲಿ ಒತ್ತಿಸಿಕೊಂಡ ಗಂಡಸು ಮನೆಗೆ ಬಂದು ಮತ್ತೆ ಒತ್ತಿಸಿಕೊಳ್ಳುತ್ತಾನೆ: ಅಮಾವಾಸ್ಯೆಗೆ ತಲೆಗೆ ಎಣ್ಣೆ, ಹೊಲದಿಂದ ಬಂದಾಗ ಕಾಲು, ನೆಗಡಿಯಾದಾಗ ಹಣೆ. ತಲೆತಲಾಂತರದಿಂದ ಈ ಸೇವೆಗೆ ಹೆಸರಿಲ್ಲ, ಚಾನೆಲ್ಲಿಲ್ಲ, ಲೈಕಿಲ್ಲ. ಅಮೆರಿಕದವರು ಹೆಸರಿಟ್ಟ ಮೇಲೆ ಇದೊಂದು ಸುಖ ಎಂದು ಅವನಿಗೆ ತಿಳಿಯಿತು. ಎಣ್ಣೆ ಹಚ್ಚುವ ಕೈಗಳಿಗೂ ಒಂದು ತಲೆಯಿದೆ ಎನ್ನುವುದು ಇನ್ನೂ ತಿಳಿಯಬೇಕಾಗಿದೆ.

ಹೆಂಗಸರು ಹೆಂಗಸರಿಗೆ ಮಾಡುವಾಗ ಲೆಕ್ಕ ಬೇರೆ. ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬಂದು ಮರದ ಕೆಳಗೆ ಬಿಡಾರ ಹೂಡಿದವರನ್ನು ನೋಡಿ. ಅಡುಗೆ ಮುಗಿದ ಮಧ್ಯಾಹ್ನ ಒಬ್ಬಳು ಕಾಲು ಚಾಚಿ ಕೂಡುತ್ತಾಳೆ, ಇನ್ನೊಬ್ಬಳು ಆಕೆಯ ಕೂದಲು ಬಿಡಿಸಿ ಹೇನು ನೋಡುತ್ತಾಳೆ. ಬೈತಲೆಯುದ್ದಕ್ಕೂ ಉಗುರು ಆಡುತ್ತದೆ, ಸಿಕ್ಕಿದ್ದು ಚಿಟ್ಟೆನ್ನುತ್ತದೆ, ಮೇಲೆ ಊರ ಸುದ್ದಿ ಸಣ್ಣ ದನಿಯಲ್ಲಿ. ಸ್ವಾನ್ಸಿಯವರು ಪಟ್ಟಿ ಮಾಡಿದ ಪಿಸುಮಾತು, ಗಮನ, ಗರಿಗರಿ ಸದ್ದು, ನಿಧಾನದ ಚಲನೆ ನಾಲ್ಕೂ ಅಲ್ಲಿ ಒಟ್ಟಿಗೇ ಇವೆ. ಅರ್ಧ ತಾಸಿಗೆ ಸರದಿ ಬದಲಾಗುತ್ತದೆ, ನೋಡಿದವಳು ನೋಡಿಸಿಕೊಳ್ಳುತ್ತಾಳೆ. ಅತ್ತೆಯೂ ಆ ಸಾಲಿನಲ್ಲಿ ಕೂಡುತ್ತಾಳೆ, ಆ ಗುಸುಗುಸಿಗೆ ಯಾರೂ ಪಾಲಿನ ಹೆಸರು ಎತ್ತುವುದಿಲ್ಲ. ಚಕ್ಕಡಿಯ ನೆರಳಿನಲ್ಲಿ ಮಲಗಿದ ಗಂಡಸಿನ ಸರದಿ ಮಾತ್ರ ಎಂದೂ ಬಂದಿಲ್ಲ. ಆತ ಹುಟ್ಟಿದ್ದೇ ನೋಡಿಸಿಕೊಳ್ಳಲು.

ಇಷ್ಟೆಲ್ಲ ಹೇಳಿದ ಮೇಲೆ ಪ್ರಗತಿಯನ್ನೂ ಹೇಳಬೇಕು. ಮನೆಯಲ್ಲೇ ಜೋಡಿಯಾಗಿ ಮಾಡುವ ಎಎಸ್‌ಎಂಆರ್ ವಿಡಿಯೋಗಳು ಬಂದಿವೆ, ನೋಡಿ ಕಲಿಯುವ ಗಂಡಂದಿರೂ ಹುಟ್ಟಿಕೊಂಡಿದ್ದಾರೆ. ಕೊಬ್ಬರಿ ಎಣ್ಣೆಯ ಬಾಟ್ಲಿಗೆ ಮೊಬೈಲ್ ಆನಿಸಿ, ಕೋಣೆಯ ಅಗಳಿ ಹಾಕಿ, ಹೆಂಡತಿಯನ್ನು ಚಾಪೆಯ ಮೇಲೆ ಕೂಡಿಸಿಕೊಳ್ಳುತ್ತಾರೆ. ಅಗಳಿಯ ಸಪ್ಪಳಕ್ಕೆ ಪಡಸಾಲೆಯಲ್ಲಿ ಒಂದು ಕೆಮ್ಮು. ವಿಡಿಯೋದವನು ಬಲಗಡೆ ಒತ್ತಿದರೆ ಇವನೂ ಬಲಗಡೆ, ಅವನು ಬೆರಳು ಆಡಿಸಿದರೆ ಇವನೂ ಆಡಿಸುತ್ತಾನೆ. ಆಕೆ ಕಣ್ಣು ಮುಚ್ಚುತ್ತಾಳೆ, ಹೆಗಲು ಇಳಿಯುತ್ತದೆ. ಅಷ್ಟರಲ್ಲಿ ವಿಡಿಯೋ ನಡುವೆ ಸಿಮೆಂಟಿನ ಜಾಹೀರಾತು ಬರುತ್ತದೆ. ಗಂಡನ ಕೈ ನಿಲ್ಲುತ್ತದೆ, ಕಣ್ಣು ಪರದೆಯ ಮೇಲೆ ನಿಲ್ಲುತ್ತದೆ.

ಆಕೆ ಕಣ್ಣು ತೆರೆಯದೆಯೇ ಹೇಳುತ್ತಾಳೆ: ‘ಸ್ಕಿಪ್ ಒತ್ರಿ. ಎಡಗಡೆ ಇನ್ನಾ ಉಳದೈತಿ.’