ಮಾವ ಬಂದ ಮೇಲೆ ಬೆಂಗಳೂರು

ಬೆಂಗಳೂರಿನಲ್ಲಿ ಮನೆ ಮಾಡಿದವನಿಗೆ ಬೆಂಗಳೂರು ಕಾಣುವುದಿಲ್ಲ. ಕಾಣುವುದು ಬಾಡಿಗೆ ಕೋಣೆ, ಆಫೀಸು, ಅವೆರಡರ ನಡುವಿನ ಸಿಗ್ನಲ್ಲುಗಳು. ಭಾನುವಾರ ಬಂದರೆ ಬಟ್ಟೆ ಒಗೆದು, ಒಣಗುವಷ್ಟರಲ್ಲಿ ನಿದ್ದೆ ಮಾಡಿ, ಎದ್ದರೆ ಸೋಮವಾರ. ಲಾಲ್‌ಬಾಗು ಎಲ್ಲಿಗೆ ಓಡಿಹೋಗುತ್ತದೆ, ಇನ್ನೊಂದು ವಾರ ನೋಡಿದರಾಯಿತು ಎಂಬ ಧೈರ್ಯ ಬೇರೆ. ಹೀಗಾಗಿ ಊರು ನೋಡುವ ಯೋಗ ಕೂಡಿಬರಬೇಕಾದರೆ ಹಳ್ಳಿಯಿಂದ ಯಾರಾದರೂ ಬರಬೇಕು. ನನ್ನ ಪಾಲಿಗೆ ಬಂದವರು ದಾಸನಕೊಪ್ಪದ ಸೋದರಮಾವ.

ದಾಸನಕೊಪ್ಪದ ವಿಷಯ ಸ್ವಲ್ಪ ಹೇಳಬೇಕು. ಶಿರಸಿ ತಾಲ್ಲೂಕು ಎಂದೊಡನೆ ನನ್ನ ಆಫೀಸಿನವರ ಕಣ್ಣಿಗೆ ಅಡಿಕೆ ತೋಟ, ಸೋಗೆ ಮಾಡು, ಜೇನು ಪೆಟ್ಟಿಗೆ ಒಟ್ಟಿಗೇ ಬಂದು ನಿಲ್ಲುತ್ತವೆ. ತೊಡದೇವು ತರಲಿಲ್ಲವೇ, ಅಪ್ಪೆಹುಳಿ ಮಾಡಲು ಬರುತ್ತದೆಯೇ, ಯಕ್ಷಗಾನದಲ್ಲಿ ನಿಮ್ಮದು ಯಾವ ವೇಷ ಎಂದೆಲ್ಲ ವಿಚಾರಿಸುತ್ತಾರೆ. ನಾವೋ ಬನವಾಸಿ ಕಡೆಯ ಸೆರಗಿನವರು. ಕಾಡು ಮುಗಿಯಿತೋ, ಬಯಲು ಶುರುವಾಯಿತೋ ಎಂದು ನೆಲಕ್ಕೇ ಇನ್ನೂ ತೀರ್ಮಾನವಾಗದ ಜಾಗ ನಮ್ಮದು. ಒಂದು ಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟಿದರೆ ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ. ಶಿರಸಿ ಪೇಟೆಯವರು ನಮ್ಮನ್ನು ಬಯಲುಸೀಮೆಗೆ ಸೇರಿಸುತ್ತಾರೆ, ಹಾನಗಲ್ಲಿನವರು ಮಲೆನಾಡಿಗೆ ತಳ್ಳುತ್ತಾರೆ. ಬೆಂಗಳೂರಿನಲ್ಲಿ ಇಷ್ಟೆಲ್ಲ ವಿವರಿಸುವಷ್ಟರಲ್ಲಿ ಲಿಫ್ಟು ಬಂದುಬಿಡುತ್ತದೆ. ಆದ್ದರಿಂದ ಯಾವ ವೇಷ ಎಂದು ಕೇಳಿದವರಿಗೆ ಈಗ ಹಾಸ್ಯಗಾರನದು ಎಂದು ಹೇಳಿ ಮುಗಿಸುತ್ತೇನೆ.

ಮಾವ ಅನಾನಸ್ ಬೆಳೆಯುವವರು. ರಾತ್ರಿ ಬಸ್ಸಿಳಿದು ಮೆಜೆಸ್ಟಿಕ್‌ನಲ್ಲಿ ನಿಂತಾಗ ಅವರ ಚೀಲದಿಂದ ಅನಾನಸಿನ ಜುಟ್ಟು ಹೊರಗೆ ಇಣುಕುತ್ತಿತ್ತು. ಮೊದಲು ರೂಮಿಗೆ ಹೋಗಿ ಸ್ವಲ್ಪ ಹೊತ್ತು ಮಲಗಬಹುದೆಂದು ಸೂಚಿಸಿದೆ.

“ಮಲಗಾಕ ಬೆಂಗಳೂರಿಗೆ ಯಾಕ ಬರಬೇಕೋ ತಮ್ಮಾ?” ಎಂದರು. ನನ್ನ ಭಾನುವಾರಗಳ ವಿಷಯ ಅವರಿಗೆ ಯಾರು ತಿಳಿಸಿದರೋ.

ಅವರಿಗೆ ನಗರದ ಭಯ ಹುಟ್ಟಿಸಬೇಕೆಂಬ ಆಸೆ ನನಗಿತ್ತೆಂದು ಕಾಣುತ್ತದೆ. ಮೆಟ್ರೋ ಹತ್ತಿಸಿ, ಇದು ಭಾರೀ ಊರು, 1537ರಲ್ಲಿ ಕೆಂಪೇಗೌಡರು ಕಟ್ಟಿದ್ದು ಎಂದು ಪೀಠಿಕೆ ಹಾಕಿದೆ. ಮಾವ ಸಾವಕಾಶವಾಗಿ ಎಲೆಯಡಿಕೆ ಚೀಲ ತೆಗೆದರು. ಮೆಟ್ರೋದಲ್ಲಿ ಅದು ನಡೆಯುವುದಿಲ್ಲ ಎಂದಾಗ ಮತ್ತೆ ಒಳಗಿಟ್ಟು, “ಕದಂಬರು ಬನವಾಸಿ ಆಳಿದ್ದು ಯಾವಾಗ?” ಎಂದರು. ನಾಲ್ಕನೆಯ ಶತಮಾನ ಎಂದೆ. “ಹಂಗಾದ್ರ ಇದು ಮೊನ್ನೆ ಮೊನ್ನೆ ಆದ ಊರು.” ರಾಜಧಾನಿಯ ಪಕ್ಕದಿಂದ ಬಂದ ಮನುಷ್ಯ, ಅಲ್ಲಿ ಅರಸರಿಲ್ಲದೆ ಶತಮಾನಗಳಾದರೂ ಗತ್ತು ಕಡಿಮೆಯಾಗಿಲ್ಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಜನ ನೋಡಿ, “ಯಾರ ಮದುವಿ?” ಎಂದು ಕೇಳಿದರು. ತಮಾಷೆಗಲ್ಲ. ಮುಯ್ಯಿ ಎಷ್ಟು ಹಾಕಬೇಕೆಂದು ಆಗಲೇ ಜೇಬು ಮುಟ್ಟಿಕೊಂಡಿದ್ದರು. ದೋಸೆಗೆ ಕಾಯುತ್ತಿದ್ದಾರೆ ಎಂದಾಗ ಒಬ್ಬೊಬ್ಬರ ಮುಖವನ್ನೂ ಅನುಕಂಪದಿಂದ ನೋಡಿದರು. ಮನೆಯಲ್ಲಿ ಹೆಂಡತಿ ಜಗಳವಾಡಿರಬೇಕು ಎಂಬಂತೆ. 1943ರಿಂದ ನಡೆಯುತ್ತಿರುವ ಹೋಟೆಲು, ಶುಕ್ರವಾರ ರಜೆ, ಅದಕ್ಕೇ ನಿಮ್ಮನ್ನು ಶನಿವಾರ ಬರಲು ಹೇಳಿದ್ದು ಎಂದು ನನ್ನ ಮುಂದಾಲೋಚನೆ ಹೇಳಿಕೊಂಡೆ. ಒಳಗೆ ಕೂತ ಮೇಲೆ ಮಾವ ದೋಸೆ ಮರೆತರು. ಮೊಣಕೈವರೆಗೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಮಾಣಿಯ ಮೇಲೇ ಕಣ್ಣು. ಮಂದ, ಕೆಂಪಗೆ ಗರಿಗರಿ ದೋಸೆ ಮುಂದೆ ಬಿದ್ದರೂ ನೋಟ ಕೀಳಲಿಲ್ಲ. ಕಡೆಗೆ, “ಇವ ನಮ್ಮ ಕಡಿ ಹುಟ್ಟಿದ್ದಿದ್ರ ಒಳ್ಳೇ ಕೊನೆಗೌಡ ಆಗ್ತಿದ್ದ” ಎಂದರು. ಅಡಿಕೆ ಮರದ ತುದಿಯಲ್ಲಿ ತೂಗಿ ಮುಂದಿನ ಮರಕ್ಕೆ ದಾಟುವ ಆಳು ಸಿಗದೆ ಬೆಳೆಗಾರರು ಪರದಾಡುವ ಕಾಲದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ದೋಸೆಯ ಬಗ್ಗೆ ಏನೂ ಹೇಳಲಿಲ್ಲ. ಇನ್ನೊಂದು ತರಿಸಿಕೊಂಡರು.

ಸುತ್ತಾಡಿ ಸುಸ್ತಾದಾಗ ಸಿಕ್ಕಿದ ದರ್ಶಿನಿಯೊಂದರಲ್ಲಿ ಕಷ್ಟವಾಯಿತು. ನಾನಂತೂ ದರ್ಶಿನಿಯ ಪಕ್ಷದವನು. ಸ್ಟೀಲು, ಬಿಸಿನೀರು, ಟೋಕನ್ನು, ಐದೇ ನಿಮಿಷದಲ್ಲಿ ಹೊಟ್ಟೆ ತುಂಬಿಸಿ ರಸ್ತೆಗೆ ಬಿಡುವ ಈ ಏರ್ಪಾಡಿಲ್ಲದಿದ್ದರೆ ನನ್ನಂಥ ಎಷ್ಟೋ ಜನ ಈ ಊರಲ್ಲಿ ಒಣಗಿಹೋಗುತ್ತಿದ್ದೆವು. ಆದರೆ ಕುರ್ಚಿ ಎಲ್ಲಿ ಎಂದು ಮಾವ ಹುಡುಕಿದರು. ಇಲ್ಲಿ ನಿಂತೇ ತಿನ್ನುವುದು ಎಂದೆ. “ನಿಂತು ತಿನ್ನೂದು ಎತ್ತು” ಎಂದು, ಸ್ವಲ್ಪ ಯೋಚಿಸಿ, “ಅದೂ ಮೆಲುಕು ಹಾಕೂವಾಗ ಕುಂಡರತೈತಿ” ಎಂದು ಸೇರಿಸಿದರು. ನಾನು ಬೈಟು ಕಾಫಿ ಹೇಳಿ ಒಂದನ್ನು ಎರಡು ಲೋಟಕ್ಕೆ ಹಾಕಿಸಿ ತಂದದ್ದು ಅದಕ್ಕಿಂತ ದೊಡ್ಡ ಪೆಟ್ಟು. ನಮ್ಮ ಕಡೆ ಬಂದವರಿಗೆ ಅರ್ಧ ಲೋಟ ಕೊಟ್ಟರೆ ಬೀಗತನವೇ ಮುರಿದು ಬೀಳುತ್ತದೆ. ಮಾವ ಲೋಟದೊಳಗೆ ಇಣುಕಿ, ನನ್ನ ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು.

ಆ ಅನುಮಾನ ಪರಿಹರಿಸಲು ಕೇಸರಿಬಾತು ತಂದೆ. ಅನಾನಸ್ ಹಾಕಿದ್ದಾರೆ ಎಂದೆ. ಮಾವ ಚಮಚ ಬಿಟ್ಟು ಬೆರಳಿನಿಂದಲೇ ಕೆದಕಿ ಒಂದು ಚೂರನ್ನು ಪತ್ತೆ ಹಚ್ಚಿ, ಬೆಳಕಿಗೆ ಹಿಡಿದು, “ಪೂರ್ತಿ ಹಣ್ಣಾಗೂಕಿಂತ ಮೊದಲ ಕೊಯ್ದಾರ” ಎಂದು ತೀರ್ಪು ಕೊಟ್ಟರು.

ವಿಧಾನಸೌಧವನ್ನು ಹೊರಗಿನಿಂದಲೇ ನೋಡಿದೆವು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದ್ದಾರೆ ಎಂದಾಗ, “ಅದಕ್ಕ ತಡ ಆಗೂದು. ದೇವರೇನು ಅವಸರ ಮಾಡ್ತಾನಾ?” ಎಂದು ಕೈಮುಗಿದು ಬಂದರು.

ಲಾಲ್‌ಬಾಗಿನಲ್ಲಿ ಮಾತ್ರ ನನಗೆ ಗೆಲುವು ಸಿಗುವುದೆಂಬ ಭರವಸೆ ಇತ್ತು. ಗೇಟಿನಲ್ಲೇ ಎಡವಟ್ಟು: ಮರ ನೋಡಲು ಟಿಕೆಟ್ಟು! ಊರಲ್ಲಿ ಮರ ನೋಡಿ ನೋಡಿ ಬೇಜಾರಾಗಿ ಬಂದವನಿಗೆ ದುಡ್ಡು ಕೊಟ್ಟು ಮರ ತೋರಿಸುತ್ತೀಯಾ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಹೈದರಾಲಿ 1760ರಲ್ಲಿ ಶುರು ಮಾಡಿದ್ದು, ಈಗ 240 ಎಕರೆ ಎಂದೆ. ಮಾವ ನಿಂತೇಬಿಟ್ಟರು.

“ಪಹಣಿ ಯಾರ ಹೆಸರಲ್ಲೈತಿ?”

ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ ಎಂದೆ.

“ಒತ್ತುವರಿ ಆಗಿಲ್ಲ?”

ಹೆಚ್ಚೇನಿಲ್ಲ ಎಂದೆ.

“ಬೆಂಗಳೂರಾಗ?” ಎಂದು ಹುಬ್ಬೇರಿಸಿದವರು ಅಲ್ಲಿಂದ ಮುಂದೆ ಒಂದೊಂದು ಹೆಜ್ಜೆಯನ್ನೂ ಗೌರವದಿಂದ ಇಟ್ಟರು. ಗಾಜಿನ ಮನೆ, ಹೂವು, ಕೆರೆ ಯಾವುದಕ್ಕೂ ಸಿಗದ ಮೆಚ್ಚುಗೆ ಆ ಅಖಂಡ 240 ಎಕರೆಗೆ ಸಿಕ್ಕಿತು. ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿ ಕೂತಾಗ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಎಂದು ತಿಳಿಸಿದೆ. ಮಾವ ಕೂತಲ್ಲೇ ಕಲ್ಲನ್ನು ಒಮ್ಮೆ ತಟ್ಟಿ ನೋಡಿದರು. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಬನವಾಸಿಗಿಂತ ಹಳೆಯದೆಂದು ಅವರು ಒಪ್ಪಿಕೊಂಡದ್ದು ಅದೊಂದನ್ನೇ.

ಗೇಟಿನ ಹೊರಗೆ ಗಾಡಿಯವನೊಬ್ಬ ಅನಾನಸನ್ನು ಹೋಳು ಮಾಡಿ ಉಪ್ಪುಕಾರ ಸವರಿ ಮಾರುತ್ತಿದ್ದ. ಮಾವ ಒಂದು ಹೋಳಿನ ದರ ಕೇಳಿದರು. ಒಂದು ಹಣ್ಣಿಗೆ ಎಷ್ಟು ಹೋಳು ಎಂದರು. ಕಣ್ಣುಮುಚ್ಚಿ ಲೆಕ್ಕ ಹಾಕಿ, ಕಣ್ಣು ತೆರೆದಾಗ ಮುಖ ಕಪ್ಪಿಟ್ಟಿತ್ತು. ಹೊಲದಲ್ಲಿ ವ್ಯಾಪಾರಿ ಕೊಟ್ಟ ಕಿಲೋ ದರವನ್ನು ಅವರು ನನಗೆ ಹೇಳಲಿಲ್ಲ; ಗಾಡಿಯವನಿಗೆ ಹೇಳಿದರು. ಅವನೂ ಮಂಡಿ ದರ, ಐಸು, ಕೊಳೆತ ಹಣ್ಣು, ಬಾಡಿಗೆ ಎಲ್ಲ ಬಿಚ್ಚಿಟ್ಟ. ಇಬ್ಬರೂ ಸೇರಿ ನಡುವಿನವರನ್ನು ಬೈದರು. ನಾನು ಪಕ್ಕದಲ್ಲಿ ನಿಂತು ಉಪ್ಪುಕಾರ ನೆಕ್ಕುತ್ತಿದ್ದೆ. ಕೊನೆಗೆ ಮಾವ ಚೀಲದಿಂದ ತಮ್ಮ ಹಣ್ಣನ್ನೇ ತೆಗೆದು ಕೊಯ್ಯಲು ಕೊಟ್ಟರು. ಗಿರಾಕಿಗಳಿಗೂ ಹಂಚಿಕೆಯಾಯಿತು. ಗಾಡಿಯವನು ಬಾಯಿಗೆ ಹಾಕಿಕೊಂಡು, “ಯಜಮಾನ್ರೇ, ಇದು ಎಲ್ಲೀದು?” ಎಂದ.

“ಶಿರಸಿ ಕಡೇದು” ಎಂದರು ಮಾವ.

“ಓ, ಅಡಿಕೆ ತೋಟದೋರು!”

ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಕರೆದೊಯ್ದೆ. ಜನ, ಹೊಗೆ, ಬಿಸಿ ಹೋಳಿಗೆ, ಅಲ್ಲಿಯೂ ನಿಂತೇ ತಿನ್ನುವುದು. ಆದರೆ ಅಷ್ಟೊತ್ತಿಗೆ ಮಾವ ಪಳಗಿದ್ದರು. ಒಂದು ಸ್ಕೂಟರಿಗೆ ಒರಗಿಕೊಂಡು ಹೋಳಿಗೆ ಮುಗಿಸಿ, ಸ್ಕೂಟರಿನ ಯಜಮಾನನಿಗೇ ಇನ್ನೊಂದು ಕೊಡಿಸಿದರು. ರಾತ್ರಿ ಬಸ್ಸಿಗೆ ಹತ್ತಿಸುವಾಗ, ಊರು ಹೇಗಿತ್ತು ಎಂದು ಕೇಳಿದೆ. “ಚಲೋ ಐತಿ. ಕುಂಡರಾಕ ಜಾಗ ಇಲ್ಲ, ಅಷ್ಟ” ಎಂದರು.

ದಾಸನಕೊಪ್ಪದಲ್ಲಿ ವರದಿ ಭರ್ಜರಿಯಾಗಿ ಹೋಗಿರಬೇಕು. ವಾರದೊಳಗೆ ಅತ್ತೆಯ ಫೋನು. ಅವರಿಗೆ ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡಬೇಕಂತೆ, ಪಕ್ಕದ ಮನೆಯ ಇಬ್ಬರು ಹೆಂಗಸರೂ ಜೊತೆಗೆ ಬರುತ್ತಾರಂತೆ. ಕಾರ್ತಿಕದ ಕಡೆಯ ಸೋಮವಾರಕ್ಕೆ ರಜೆ ಬೇಕೆಂದು ಮೇಲಿನವರಿಗೆ ಬರೆದಿದ್ದೇನೆ. ಕಾರಣದ ಜಾಗದಲ್ಲಿ ‘ಯಕ್ಷಗಾನ’ ಎಂದು ಹಾಕಿದೆ; ಶಿರಸಿಯವನಿಗೆ ಅದಕ್ಕೆ ಇಲ್ಲ ಅನ್ನುವುದಿಲ್ಲ.